ದೆಲ್ಫೀನಿಯಾಳ ಕುಲುಮೆ ಕೋಣೆ

ದೆಲ್ಫೀನಿಯಾ ಸೆದಿಯೊ ಅಂಗಡಿಯಲ್ಲಿ ಮೊಟ್ಟೆ ಕೊಂಡರೂ ಪೆಟ್ಟಿಗೆ ತೆರೆದು ಒಂದೊಂದನ್ನೂ ಹೊರಳಿಸಿ ನೋಡುವ ಹೆಂಗಸು. ನಮ್ಮೂರು ಬೆಲೆನ್‌ನ ಶಾಲೆಯಲ್ಲಿ ಅಡುಗೆಗಿದ್ದಷ್ಟು ಕಾಲ ಉಗ್ರಾಣದ ಬೀಗದ ಕೈಯನ್ನು ಯಾರಿಗೂ ಕೊಟ್ಟವಳಲ್ಲ. ಅವಳ ಗಂಡ ಒನೋಫ್ರೆಯೂ ನಾನೂ ರೈಲ್ವೆಯಲ್ಲಿ ಒಟ್ಟಿಗೆ ಹಳಿ ಕಾಯ್ದವರು, ಈಗ ಅಕ್ಕಪಕ್ಕದ ಮನೆಯವರು.

ಒನೋಫ್ರೆ ಕುಡಿತ ಬಿಟ್ಟು ಬಹಳ ವರ್ಷವಾಗಿತ್ತು. ಮತ್ತೆ ಮುಟ್ಟಿದರೆ ಗಂಟುಮೂಟೆ ಕಟ್ಟಿ ಸೊಕೊರೊ ಊರಿನಲ್ಲಿರುವ ಅವನ ತಂಗಿಯ ಮನೆಗೆ ಹೋಗಬೇಕೆಂದು ಹೆಂಡತಿ ಆಗಲೇ ಹೇಳಿಟ್ಟಿದ್ದಳು. ಆ ಮಾರ್ಚಿನಲ್ಲಿ ಧೂಳಿನ ಗಾಳಿ ಎದ್ದಾಗಿನಿಂದ ಅವನು ಬೆಳಗ್ಗೆ ತೂರಾಡಿಕೊಂಡು ಏಳತೊಡಗಿದ. ತಲೆನೋವು, ಓಕರಿಕೆ, ಕಣ್ಣು ಕೆಂಪು. ನಮ್ಮ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತಿದ್ದ.

"ಸರಿಹೋಗ್ದೆ ಏನು? ಇವನು ಕುಡಿಸಿ ಕಳಿಸ್ತಾನಲ್ಲ," ಎಂದು ಅವಳು ಬೇಲಿಯಾಚೆಯಿಂದ ನನ್ನ ಕಡೆ ಕೈ ತೋರಿಸಿದಳು.

"ಬರೀ ಕಾಫಿ ಕಣವ್ವ," ಎಂದೆ.

"ಕಾಫಿಗೆ ಏನ್ ಬೆರೆಸ್ತೀಯ ಅಂತ ಕೇಳಿದ್ದು." ಆಮೇಲೆ ಗಂಡನಿಗೆ, "ಬಾಯಿ ತೆಗಿ, ನೋಡಾನ."

ಅವನು ಬಾಯಿ ತೆರೆದ. ವಾಸನೆ ಇರಲಿಲ್ಲ. ಅದು ಅವಳ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು; ವಾಸನೆಯಿಲ್ಲದ ಸರಕು ಎಲ್ಲಿ ಸಿಗುತ್ತದೆಂದು ಪೇಟೆಯಲ್ಲೆಲ್ಲ ವಿಚಾರಿಸಿಕೊಂಡು ಬಂದಳು. ತನಗೂ ತಲೆ ಸಿಡಿಯುತ್ತಿದೆ, ಇವನ ಚಿಂತೆಯಿಂದಲೇ ಎಂದಳು. ಭಾನುವಾರದೊಳಗೆ ನಿಜ ಹೇಳು, ಇಲ್ಲವೇ ಸೊಕೊರೊಗೆ ನಡೆ ಎಂದು ಗಡುವಿಟ್ಟಳು.

ಅದೇ ದಿನಗಳಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಕುಲುಮೆಯೂ ಕೈಕೊಟ್ಟಿತು. ರಾತ್ರಿ ಉರಿದು ಉರಿದು ತಾನಾಗಿ ಆರಿಬಿಡುತ್ತಿತ್ತು. ರಿಪೇರಿಗೆ ಅವಳ ಅಣ್ಣನ ಮಗ ಸಿಪ್ರಿಯಾನೊ ಬಂದು ನೋಡಿದರೆ ನೀಲಿ ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಧೂಳು ಹಿಡಿಯುವ ಜಾಲರಿ ಬದಲಿಸಿ ಹೋದ. ರಾತ್ರಿ ಮತ್ತೆ ಆರಿತು. ಎರಡನೇ ಸಲ ಬಂದಾಗಲೂ ಅದೇ ಕಥೆ.

"ನೀ ಇದ್ದಾಗ ಉರಿಯುತ್ತೆ, ನೀ ಹೋದ್ಮೇಲೆ ಸಾಯುತ್ತೆ. ಹೊಸದು ಮಾರೋಕೆ ಏನ್ ಕೈಚಳಕ ಮಾಡಿದ್ದೀಯೋ?"

"ಅತ್ತೆ, ನಿನಗೆ ಮೋಸ ಮಾಡಿ ನಾನು ಈ ಊರಲ್ಲಿ ಬದುಕೋಕಾಗುತ್ತಾ?"

ಶನಿವಾರ ಮೂರನೇ ಸಲ ಬಂದ. ಅವನ ಕೈಮೇಲೆ ಕಣ್ಣಿಡಲು ಅವಳು ನನ್ನನ್ನೂ ಕರೆಸಿದಳು. ನನ್ನ ಮೇಲೆ ಕಣ್ಣಿಡಲು ತಾನೇ ಇದ್ದಳು. ಪಕ್ಕದ ಕೋಣೆಯಲ್ಲಿ ಒನೋಫ್ರೆ ಮಲಗಿದ್ದ. ಕೆಲಸ ಮುಗಿಸಿ ಸಿಪ್ರಿಯಾನೊ ಕಾಫಿಗೆ ಕೂತ. ಹೊರಗೆ ಗಾಳಿ ಬೀಸಿತು. ಅವಳು ಥಟ್ಟನೆ ಎದ್ದು ಅಗಲವಾದ ಟೇಪಿನ ಸುರುಳಿ ತಂದು, ಕುಲುಮೆ ಕೋಣೆಯ ಬಾಗಿಲಿನ ಕಿಂಡಿಗಳನ್ನೆಲ್ಲ ಸಾಲಾಗಿ ಮುಚ್ಚತೊಡಗಿದಳು.

"ಅದೇನ್ ಮಾಡ್ತಿದ್ದೀಯ ಅತ್ತೆ?" ಎಂದ ಸಿಪ್ರಿಯಾನೊ.

"ಧೂಳು ಬರ್ತದೆ. ನೀ ಬರೋ ಮೊದ್ಲು ಕಿತ್ತಿರ್ತೀನಿ, ಹೋದ್ಮೇಲೆ ಅಂಟಿಸ್ತೀನಿ. ಬಾಗ್ಲು ಯಾರಾದ್ರೂ ತೆಗೆದ್ರೂ ಗೊತ್ತಾಗುತ್ತೆ."

"ಗಾಳಿ ಬರೋ ಮೇಲಿನ ಕಿಂಡಿ?"

"ಹಳೇ ಕಂಬಳಿ ತುರುಕಿದ್ದೀನಿ."

ಅವನು ಕಾಫಿ ಲೋಟ ಕೆಳಗಿಟ್ಟ. "ನಾನು ಗೋಡೆಗೆ ಹಾಕಿದ್ದ ವಿಷಗಾಳಿ ಅಲಾರಂ ಎಲ್ಲಿ?"

"ಕಿರುಚ್ತಿತ್ತು. ನಿನ್ನ ಕರೆಸ್ಕೊಳ್ಳೋಕೆ ನೀನೇ ಇಟ್ಟ ಉಪಾಯ ಅಂತ ಗೊತ್ತಾಯ್ತು. ಕೊಟ್ಟಿಗೆಗೆ ಎಸೆದೆ."

ಸಿಪ್ರಿಯಾನೊ ಎದ್ದ. ಗ್ಯಾಸ್ ಬಂದ್ ಮಾಡಿ, ಟೇಪು ಹರಿದು, ಕಿಟಕಿಗಳನ್ನೆಲ್ಲ ತೆರೆದು, ನನ್ನತ್ತ ತಿರುಗಿ, "ಮಾವನ್ನ ಹೊರಗೆ ಎತ್ಕೊಂಡು ಬಾ," ಎಂದ. ಇಬ್ಬರೂ ಸೇರಿ ಒನೋಫ್ರೆಯನ್ನು ಕಂಬಳಿಸಮೇತ ಅಂಗಳಕ್ಕೆ ತಂದೆವು. ಗಾಳಿ ಸಿಗದ ಬೆಂಕಿ ವಿಷ ಉಗುಳಿ ಆರುತ್ತದೆ, ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಾವ ತೂರಾಡಿದ್ದು ಅದರಿಂದಲೇ ಎಂದು ಸಿಪ್ರಿಯಾನೊ ಹೇಳಿದ. ಆಸ್ಪತ್ರೆಯ ಗಾಡಿ ಕರೆದಿದ್ದ.

ದೆಲ್ಫೀನಿಯಾ ಗಂಡನ ಪಕ್ಕ ನೆಲದ ಮೇಲೆ ಕೂತಳು. ಬೀಸುವ ಮರಳಿಗೆ ಬೆನ್ನು ಕೊಟ್ಟು ಅವನ ಮುಖಕ್ಕೆ ಮರೆಯಾದಳು. ಅವನು ಕಣ್ಣು ಬಿಟ್ಟ.

"ಸೊಕೊರೊಗೆ ಹೋಗ್ಬೇಡ," ಎಂದಳು.

"ಹೋಗ್ತೀನಿ," ಎಂದ ಅವನು ನಿಧಾನವಾಗಿ. "ನೀ ಕಳಿಸಿದ್ದಕ್ಕಲ್ಲ. ನನಗೇ ಹೋಗ್ಬೇಕು ಅನ್ಸಿದೆ."

ಆಸ್ಪತ್ರೆಯಿಂದ ನೇರವಾಗಿ ತಂಗಿಯ ಮನೆಗೆ ಹೋದ. ಅವಳು ತಡೆಯಲಿಲ್ಲ. ಈಸ್ಟರ್ ಹಬ್ಬದ ಬೆಳಗ್ಗೆ ಟ್ರಕ್ಕು ಹತ್ತಿ ತಾನೇ ಕರೆತರಲು ಹೊರಟಳು. ಸಂಜೆ ಒಬ್ಬಳೇ ಬಂದಳು.

"ಬರ್ತಾನಂತಾ?" ಎಂದೆ.

"ಯೋಚ್ನೆ ಮಾಡ್ತೀನಿ ಅಂದ." ಟ್ರಕ್ಕಿನ ಬಾಗಿಲು ಹಾಕಿ, "ಅವನ ಮಾತು ನಂಬಿ ಬಂದೆ," ಎಂದಳು.