ದಿಂಬಿನ ಮೇಲೆ ಕಲಿತ ಡ್ರಮ್ಸ್

ಕಳವಾ ಎಂಬ ಉಪನಗರದ ಒಂದೇ ಕೋಣೆಯ ಮನೆಯಲ್ಲಿ ವಿಶಾಲ್ ಡ್ರಮ್ಸ್ ಕಲಿತದ್ದು ದಿಂಬುಗಳ ಮೇಲೆ. ಗೋಡೆಯಾಚೆಯ ಅಂಗಾರಣ್ಣನಿಗೆ ರೈಲ್ವೆ ಕಾರ್‌ಶೆಡ್ಡಿನಲ್ಲಿ ರಾತ್ರಿಪಾಳಿ, ಹಗಲೆಲ್ಲ ನಿದ್ದೆ. ಕೋಲು ತಪ್ಪಿ ಮಂಚಕ್ಕೆ ತಾಗಿದರೂ ಸಾಕು, ತಾಯಿ ನಳಿನಾಕ್ಷಿ ಒಲೆಯ ಬಳಿಯಿಂದಲೇ ಕೂಗುವರು:

“ಮೆಲ್ಲ ಮಾರಾಯ, ಅವರು ಈಗಷ್ಟೇ ಮಲಗಿದ್ದು!”

ಹುಡುಗನದೋ ಸುಮ್ಮನೆ ಕೂರುವ ಜೀವವಲ್ಲ. ಲೋಕಲ್ ಟ್ರೇನಿನಲ್ಲೂ ಬೆರಳುಗಳು ಕಂಬಿಯ ಮೇಲೆ ಕುಣಿಯುತ್ತಿದ್ದವು. ಯಾರಾದರೂ ದುರುಗುಟ್ಟಿದರೆ “ಸಾರಿ ಅಂಕಲ್” ಎಂದು ಕೈ ಜೇಬಿಗಿಳಿಸುವನು.

೨೦೦೮ರಲ್ಲಿ ಕಾಲೇಜಿನ ಗೆಳೆಯ ಪೃಥ್ವಿರಾಜ್ ರಾಕ್ ಬ್ಯಾಂಡ್ ಕಟ್ಟಿದ. ಗಿಟಾರ್ ತನ್ನದು, ಬೇಸ್ ಮಯೂರನದು, ಹಾಡು ರಮಿತಾಳದು, ಡ್ರಮ್ಸ್ ವಿಶಾಲನದು. ಡೊಂಬಿವಲಿಯಲ್ಲಿ ಪೃಥ್ವಿರಾಜನ ಮನೆಯಲ್ಲಿ ಅಭ್ಯಾಸ. ಹೌಸಿಂಗ್ ಸೊಸೈಟಿಯವರು ಕಣ್ಣು ಕೆಂಪಗೆ ಮಾಡಿದ್ದರಿಂದ ಅಲ್ಲೂ ದಿಂಬೇ ಗತಿಯಾಯಿತು. ಇದೆಂಥ ರಾಕ್ ಬ್ಯಾಂಡೋ ದೇವರೇ ಬಲ್ಲ! ಎರಡು ಸ್ಪರ್ಧೆಗಳಲ್ಲಿ ಡ್ರಮ್ಸ್ ಕೇಳಿಸಲೇ ಇಲ್ಲವೆಂದು ಸೋತು ಬಂದರು.

ಮೂರನೆಯದು ಖಾರಘರದ ಒಂದು ಕಾಲೇಜಿನಲ್ಲಿ. ವೇದಿಕೆ ಹತ್ತುವ ಮುಂಚೆ ಪೃಥ್ವಿರಾಜ್ ನೇರವಾಗಿ ಹೇಳಿದ: “ಇವತ್ತೂ ಕೈಕೊಟ್ರೆ ನೀನು ಬ್ಯಾಂಡ್‌ನಲ್ಲಿ ಇಲ್ಲ, ಬಾಸ್. ಕಾಮೋಠೆ ಊರಿನ ಇನ್ನೊಬ್ಬ ಡ್ರಮ್ಮರ್ ಬಂದು ನಿಂತಿದ್ದಾನೆ, ನೋಡು.” ಮೆಟ್ಟಿಲ ಬಳಿ ನಿಂತ ಹುಡುಗ ಆಗಲೇ ಡ್ರಮ್ ಕೋಲು ತಿರುಗಿಸುತ್ತಿದ್ದ. ಬ್ಯಾಂಡಿನ ಈ ಮೂವರನ್ನು ಬಿಟ್ಟರೆ ವಿಶಾಲನಿಗೆ ಬೇರೆ ಲೋಕವೇ ಇರಲಿಲ್ಲ.

ಮೊದಲ ಹಾಡು ಮತ್ತದೇ ದಿಂಬಿನ ಪೆಟ್ಟಿನಲ್ಲಿ ಮುಗಿಯಿತು. “ಜೋರ್ ಸೆ, ಯಾರ್!” ಎಂದು ಪೃಥ್ವಿರಾಜ್ ಹಲ್ಲು ಕಚ್ಚಿದ. ಎರಡನೆಯ ಹಾಡಿನಲ್ಲಿ ವಿಶಾಲ್ ಇದ್ದಬದ್ದ ಬಲವನ್ನೆಲ್ಲ ಹಾಕಿ ಡ್ರಮ್ಸ್ ಪಕ್ಕದ ದೊಡ್ಡ ಕಂಚಿನ ತಾಳಕ್ಕೆ ಬಡಿದ. ಝಲ್ಲೆಂದಿತು. ಅಷ್ಟೇ, ಅವನ ಎಡಗೈ ತಾನಾಗಿಯೇ ಹೋಗಿ ಅದನ್ನು ಅದುಮಿ ಸುಮ್ಮನಾಗಿಸಿಬಿಟ್ಟಿತು. ಹಾಡು ಅರ್ಧಕ್ಕೇ ನಿಂತಿತು. ಸಭೆ ಗೊಳ್ಳೆಂದು ನಕ್ಕಿತು.

ಪೃಥ್ವಿರಾಜ್ ಹತ್ತಿರ ಬಂದು, “ಏಳು. ಕೊನೆಯದು ಅವನು ಬಾರಿಸ್ತಾನೆ,” ಎಂದ. ಕಾಮೋಠೆಯವನು ಮೆಟ್ಟಿಲು ಹತ್ತತೊಡಗಿದ.

ನಾಚಿಕೆಯಿಂದ ವಿಶಾಲನ ಕಿವಿ ಸುಡುತ್ತಿತ್ತು. ಏಳಲೆಂದು ಕಾಲೂರಿದವನಿಗೆ ಇದ್ದಕ್ಕಿದ್ದಂತೆ ಕೋಪ ಬಂತು. ಯಾರ ಮೇಲೆಂದು ಅವನಿಗೂ ತಿಳಿಯದು. ಹುಟ್ಟಿದಾರಭ್ಯ ಎಲ್ಲರಿಗೂ ಜಾಗ ಬಿಟ್ಟು ಬಿಟ್ಟು ಸಾಕಾಗಿತ್ತು.

“ಏಳಲ್ಲ,” ಎಂದ.

ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿ, ಹೊಡೆದ. ವೇದಿಕೆಯ ಹಲಗೆಗಳು ಅದುರಿದವು. ಎಣಿಕೆ ಕೇಳಿದ್ದೇ ತಡ, ರಮಿತಾ ರೂಢಿಯಂತೆ ಹಾಡು ಎತ್ತಿಕೊಂಡಳು, ಮಯೂರನ ಬೇಸ್ ಹಿಂದೆಯೇ ಬಂತು. ಕಾಮೋಠೆಯವನು ಮೆಟ್ಟಿಲ ಮೇಲೆಯೇ ನಿಂತ. ಹಾಡು ಮುಂದೆ ಹೋಗುತ್ತಿತ್ತು. ಪೃಥ್ವಿರಾಜ್ ಗಿಟಾರ್ ಹಿಡಿದು ಅದರ ಹಿಂದೆ ಓಡಲೇಬೇಕಾಯಿತು.