ಕಮಲಾಕರ ಆರಿಸಿಕೊಟ್ಟ ವೆಬ್‌ಸೈಟು

ಅಂಬತ್ತೂರಿನ ಆ ಪಂಪು ಕಾರ್ಖಾನೆಯಲ್ಲಿ ಕಮಲಾಕರನ ಕೆಲಸವೆಂದರೆ ನಡೆಯುವುದು. ಆರ್ಡರ್ ಬಂದರೆ ಅದರ ಚೀಟಿ ಹಿಡಿದು ಸ್ಟೋರಿಗೆ, ಅಲ್ಲಿಂದ ಫಿಟ್ಟಿಂಗಿಗೆ, ಕೊನೆಗೆ ಪ್ಯಾಕಿಂಗಿನ ಸುಗುಣಾಳ ಬಳಿಗೆ. ಎಲ್ಲ ಕಡೆಯೂ ಎದುರು ನಿಂತು ಸಹಿ ಹಾಕಿಸಿಕೊಂಡೇ ಮುಂದಕ್ಕೆ. ರೈಲ್ವೆಯಲ್ಲಿದ್ದ ಅಪ್ಪ ತೀರಿಕೊಂಡ ಮೇಲೆ ಪೆರಂಬೂರಿನ ಮನೆಯನ್ನು ಸಾಕುತ್ತಿದ್ದುದು ಈ ನಡಿಗೆಯೇ.

2006ರ ಬೇಸಿಗೆಯಲ್ಲಿ ಮಾಲೀಕ ಭೋಜರಾಜರು ಅವನನ್ನು ಕರೆದು ಕೂರಿಸಿಕೊಂಡರು. ಎರಡು ಸಾಫ್ಟ್‌ವೇರ್ ನೋಡಿದ್ದರು, ಕೊಳ್ಳುವ ಶಕ್ತಿ ಇದ್ದದ್ದು ಒಂದಕ್ಕೇ. ಒಂದು, ಆರ್ಡರನ್ನು ಮೇಜಿನಿಂದ ಮೇಜಿಗೆ ಕಂಪ್ಯೂಟರಿನಲ್ಲೇ ದಾಟಿಸುವಂಥದ್ದು. ಇನ್ನೊಂದು, ಚಿತ್ರಗಳನ್ನು ಮೌಸಿನಲ್ಲಿ ಎಳೆದಿಟ್ಟರೆ ವೆಬ್‌ಸೈಟ್ ಸಿದ್ಧವಾಗುವಂಥದ್ದು.

"ಆರ್ಡರಿನ ಕಷ್ಟಸುಖ ಗೊತ್ತಿರೋರು ನೀವು. ನಿಮ್ಮ ಮಾತಿನ ಮೇಲೆ ತಗೊಳ್ತೀನಿ ಕಮಲಾಕರ್," ಎಂದರು.

ಕಮಲಾಕರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಚೀಟಿ ತಾನೇ ನಡೆಯಲು ಕಲಿತರೆ ಇವನ ಕಾಲಿಗೇನು ಕೆಲಸ? ಕೂತ ಕೊಂಬೆಯನ್ನು ಕೈಯಾರೆ ಕಡಿಯಲು ಅವನೇನು ಹುಚ್ಚನೇ? ವೆಬ್‌ಸೈಟೇ ಸರಿ, ಊರೂರಿನವರು ನಮ್ಮ ಪಂಪು ನೋಡುತ್ತಾರೆ ಎಂದುಬಿಟ್ಟ. ಭೋಜರಾಜರು ಮರುಮಾತಿಲ್ಲದೆ ಒಪ್ಪಿದರು.

ಅದನ್ನು ಅವನೇ ಕಟ್ಟಿದ. ಚೆನ್ನಾಗಿಯೇ ಕಟ್ಟಿದ, ಸುಳ್ಳು ಹೇಳಬಾರದು. ಆರ್ಡರುಗಳೂ ಬಂದವು. ಆದರೆ ಅವು ಬಂದು ಬೀಳುವ ಮೇಲ್‌ನ ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, ನಾನಿದ್ದೀನಲ್ಲ ಎಂದು ನಕ್ಕ. ಪ್ರಿಂಟ್ ತೆಗೆದುಕೊಂಡು ಮತ್ತೆ ಅದೇ ನಡಿಗೆ. ಹೊಟ್ಟೆಪಾಡು ಎಂಥೆಂಥ ಬುದ್ಧಿ ಕಲಿಸುತ್ತದೆ ನೋಡಿ.

ಮಳೆ ಶುರುವಾಗುವ ಹೊತ್ತಿಗೆ ಊರೆಲ್ಲ ಚಿಕೂನ್‌ಗುನ್ಯಾ. ಕಮಲಾಕರನೂ ಕೀಲುಕೀಲು ಹಿಡಿದು ಮಲಗಿದ. ಸುಗುಣಾ ಬಸ್ಸು ಹತ್ತಿ ಬಂದು ನೆಲಬೇವಿನ ಕಷಾಯ ಕೊಟ್ಟುಹೋದಳು. ಆಫೀಸಿನವರು ಫೋನ್ ಮಾಡಿ ಪಾಸ್‌ವರ್ಡ್ ಕೇಳಿದರೆ, ನಾಳೆ ಬಂದುಬಿಡುತ್ತೇನೆ ಎಂದ. ಮರುದಿನವೂ ಅದನ್ನೇ ಹೇಳಿದ. ಇತ್ತ ಎಲ್ಲರಿಗಿಂತ ಹೆಚ್ಚು ಪಂಪು ಕೊಳ್ಳುತ್ತಿದ್ದ ಮಧುರೈ ವ್ಯಾಪಾರಿ, ತಾನು ಮೇಲ್‌ನಲ್ಲಿ ಕಳಿಸಿದ ಆರ್ಡರ್ ಏನಾಯಿತೆಂದು ಯಾವಾಗ ವಿಚಾರಿಸಿದರೂ ಕಮಲಾಕರ್ ಬರಲಿ ಎಂಬ ಒಂದೇ ಉತ್ತರ ಕೇಳಿ ಬೇಸತ್ತು ಬೇರೆ ಕಾರ್ಖಾನೆ ಹಿಡಿದ.

ಆ ವ್ಯಾಪಾರಿ ಕೈಬಿಟ್ಟ ಮೇಲೆ ಪ್ಯಾಕಿಂಗಿಗೆ ಕೆಲಸವೇ ಉಳಿಯಲಿಲ್ಲ. ಭೋಜರಾಜರು ಆ ವಿಭಾಗ ಮುಚ್ಚಿದರು. ಗಂಡನಿಲ್ಲದ, ಶಾಲೆಗೆ ಹೋಗುವ ಮಗಳಿದ್ದ ಸುಗುಣಾಳನ್ನು ಕಳಿಸಿದರು. ಮೇಲ್ ನೋಡುವವರು ಬೇರೆ ಯಾರೂ ಇಲ್ಲವೆಂದು ಕಮಲಾಕರನನ್ನು ಉಳಿಸಿಕೊಂಡರು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು.

ಕೊನೆಯ ದಿನ ಅವಳು ಊಟದ ಡಬ್ಬಿ ಹಿಡಿದು ಅವನ ಮೇಜಿನ ಹತ್ತಿರ ಬಂದಳು.

"ನೀವಾದ್ರೂ ಉಳ್ಕೊಂಡ್ರಲ್ಲಣ್ಣ, ಅಷ್ಟು ಸಾಕು. ಎಲ್ಲಾದ್ರೂ ಒಂದು ವೇಲೆ, ಎಂಥ ಕೆಲಸ ಆದ್ರೂ ಸರಿ, ಇದ್ರೆ ನಂಗೆ ಹೇಳಿ."

ಕಮಲಾಕರನಿಗೆ ಅವಳ ಮುಖ ನೋಡಲಾಗಲಿಲ್ಲ. ಹೇಳುತ್ತೇನೆ ಎಂದು ತಲೆ ತಗ್ಗಿಸಿ ಪಾಸ್‌ವರ್ಡ್ ಒತ್ತಿದ. ಹೊಸ ಆರ್ಡರ್ ಒಂದೂ ಬಂದಿರಲಿಲ್ಲ.