ಮುಚ್ಚಳ ತೆಗೆಯುವ ಫರ್ಜಾನಾ ಮೇಡಂ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಲ್ಯಾಬಿನ ಯುಪಿಎಸ್ ಕೂಗತೊಡಗಿತು. ನಮ್ಮ ಫರ್ಜಾನಾ ಮೇಡಂ ಸ್ಕ್ರೂಡ್ರೈವರ್ ಎತ್ತಿಕೊಂಡರು. ಮುಚ್ಚಿದ್ದನ್ನು ಮುಚ್ಚಿದಂತೆ ಬಿಡುವುದು ಅವರ ಜಾಯಮಾನವಲ್ಲ. ಚನ್ನಗಿರಿಯ ನಮ್ಮ ಕಾಲೇಜಿನ ಯಾವ ಕಂಪ್ಯೂಟರಿಗೂ ಪಕ್ಕದ ತಗಡು ಇರುತ್ತಿರಲಿಲ್ಲ. "ಒಳಗೇನೈತೆ ಅಂತ ನೋಡಾಕೆ ಬಿಡದಿರೋದನ್ನ ನಂಬಬ್ಯಾಡ್ರಿ" ಎನ್ನುತ್ತಿದ್ದರು. ಒಂದರೊಳಗೆ ಹಲ್ಲಿ ಸಂಸಾರ ಹೂಡಿದಾಗಲೂ ತಗಡು ಹಾಕಿಸಲಿಲ್ಲ.

ಕದ್ದ ಸಾಫ್ಟ್‌ವೇರ್ ಕಂಡರೆ ಅವರಿಗಾಗದು. "ಕದ್ದ ಎಮ್ಮೆ ಹಾಲಿಗಿಂತ ಪಕ್ಕದ್ಮನೆ ಹೆಪ್ಪು ವಾಸಿ ಕಣ್ರಮ್ಮ. ಎಷ್ಟು ಜನಕ್ಕೆ ಕೊಟ್ರೂ ಕೊಟ್ಟೋರ ಮೊಸರು ಕಮ್ಮಿ ಆಗಂಗಿಲ್ಲ" ಎನ್ನುತ್ತ, ಯಾರು ಬೇಕಾದರೂ ಪುಕ್ಕಟೆ ಹಂಚಿಕೊಳ್ಳಬಹುದಾದ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಕೊಡುವರು. ಕರಾರು ಒಂದೇ: ಹಾಕಿಸಿಕೊಂಡವರು ಇನ್ನೊಬ್ಬರಿಗೆ ಹಾಕಿಕೊಡಬೇಕು. ಹಾಗೆ ಅದು ನನ್ನ ಜೊತೆ ಹೊನ್ನಾಳಿ ಬಸ್ಸು ಹತ್ತಿ, ನ್ಯಾಮತಿಯ ಝೆರಾಕ್ಸ್ ಅಂಗಡಿಯವರೆಗೂ ಹೋಗಿತ್ತು.

ಆ ದಿನ ಲ್ಯಾಪ್‌ಟಾಪ್ ತಂದವರಿಗೆಲ್ಲ ಲಿನಕ್ಸ್ ಹಾಕಿಕೊಡುವ ಶಿಬಿರ. ನನ್ನ ಗೆಳತಿ, ಸಾಸ್ವೆಹಳ್ಳಿಯ ಮಂಜುಳಾ, "ಮೇಡಂ, ಇದ್ರಾಗೆ ನನ್ನ ಗೇಮ್ ಓಡ್ತೈತೇನ್ರಿ?" ಎಂದಳು.

"ಓಡಂಗಿಲ್ಲ. ಅದಕ್ಕೇ ನಿಂಗೆ ಮೊದ್ಲು ಹಾಕ್ತಿರೋದು."

ನಗು ಮುಗಿಯುವುದರೊಳಗೆ ಯುಪಿಎಸ್ ಕೂಗಿತು.

"ಎಲೆಕ್ಟ್ರಿಷಿಯನ್ ಕರೀತೀನ್ರಿ ಮೇಡಂ" ಎಂದೆ.

"ಬರ್ಲಿ. ಅಷ್ಟ್ರಾಗೆ ಇದ್ರ ಹೊಟ್ಟೇನೂ ನೋಡಾಣ ಬರ್ರಿ."

ಮುಚ್ಚಳ ತೆಗೆದರು. "ಇಲ್ಲಿ ನೋಡ್ರಿ..." ಎಂದು ಬಲಗೈ ಚಾಚಿದರು. ಚಟ್ ಎಂದಿತು. ಮಾತು ನಿಂತಿತು, ಕೈ ಅಂಟಿಕೊಂಡಿತು. ಮಂಜುಳಾ ಓಡಿ ಮೇನ್ ಸ್ವಿಚ್ ಇಳಿಸಿದಳು. ಆದರೆ ಯುಪಿಎಸ್ ಇರುವುದೇ ಕರೆಂಟು ಹೋದಾಗ ಕೊಡಲಿಕ್ಕೆ. ಒಳಗಿನ ಬ್ಯಾಟರಿಗಳು ಬಿಡಲಿಲ್ಲ. ನಾನು ಮರದ ಸ್ಟೂಲಿನಿಂದ ಅವರ ತೋಳಿಗೆ ಬೀಸಿ ಹೊಡೆದೆ. ಬಿದ್ದರು. ಉಸಿರಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರು ಮೊದಲು ನನ್ನನ್ನೇ ಹುಡುಕಿದರು. "ಇಷ್ಟು ವರ್ಷದಾಗೆ ಒಬ್ಬ ಸ್ಟೂಡೆಂಟಿಗೂ ನಾನು ಕೈ ಎತ್ತಿಲ್ಲ. ನೀನು ನಂಗೇ ಸ್ಟೂಲ್ನಾಗೆ ಬಾರಿಸ್ತೀಯೇನೇ?" ಎಲ್ಲರೂ ನಕ್ಕರು. ಆದರೆ ಅವರ ಬಲಗೈ ಬೆರಳುಗಳು ಅಲ್ಲಾಡುತ್ತಿರಲಿಲ್ಲ. ಮತ್ತೆ ಕೈ ಬರುತ್ತದೋ ಇಲ್ಲವೋ ಎಂದು ಡಾಕ್ಟರೂ ಹೇಳಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ನನಗೆ ಆ ಚಟ್ ಸದ್ದು. ತಟ್ಟನೆ ಎದ್ದು ಕೂರುತ್ತಿದ್ದೆ.

ಅವರು ಮತ್ತೆ ನಮ್ಮ ಕಾಲೇಜಿಗೆ ಬರಲಿಲ್ಲ. ರಜೆ ಮುಗಿಸಿ ಜಗಳೂರಿಗೆ ವರ್ಗವಾಗಿ ಹೋದರು. ಮೊನ್ನೆ ಒಂದು ಶನಿವಾರ ಅಲ್ಲಿಗೆ ಹೋಗಿ ಬಾಗಿಲು ತಟ್ಟಿದೆ. ಬಲಗೈಯಲ್ಲೇ ಟೀ ಬಗ್ಗಿಸಿದರು. ಕಪ್ಪಿನ ಕೆಳಗಿನ ಬಸಿಗೆ ಸ್ವಲ್ಪ ಚೆಲ್ಲಿತು.

"ಏನೇ ಹಂಗೆ ನೋಡ್ತೀ? ಕುಡಿ, ಆರಿಹೋಗ್ತೈತೆ."

ಹರಟೆಯಲ್ಲಿ ಕೊನೆಯ ಬಸ್ಸು ತಪ್ಪಿತು. ಅವರ ನಡುಮನೆಯಲ್ಲೇ ಚಾಪೆ ಹಾಸಿಕೊಂಡೆ. ರಾತ್ರಿ ಒಮ್ಮೆಯೂ ಎದ್ದು ಕೂರಲಿಲ್ಲ. ಭಾನುವಾರ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು.